ಖಾಲಿ ಬಿಟ್ಟ ವೃತ್ತಗಳು

2019ರ ಏಪ್ರಿಲ್ ತಿಂಗಳ ಒಂದು ಶನಿವಾರ. ಮಧ್ಯಾಹ್ನದ ಊಟ ಮುಗಿಸಿ, ತಟ್ಟೆಗಳನ್ನು ಎತ್ತಿಟ್ಟು, ಅದೇ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದೆವು. ಹದಿನಾರು ವರ್ಷದ ಹುಡುಗಿ ಪೆನ್ಸಿಲ್ ಕೆಳಗಿಟ್ಟು ಕೇಳಿದಳು: "ಅಕ್ಕ, ಗೊತ್ತಿಲ್ದೇ ಇರೋದನ್ನ ಗೆಸ್ ಮಾಡಿ ಫಿಲ್ ಮಾಡಿದ್ರೆ ಅದು ಸುಳ್ಳು ಹೇಳಿದ ಹಾಗೆ ಅಲ್ವಾ?"

ನಾನು ನಕ್ಕುಬಿಟ್ಟೆ. "ಪರೀಕ್ಷೆ ಅಂದ್ರೆ ಅಷ್ಟೇ ಕಣೆ, ಅದರಲ್ಲಿ ಸುಳ್ಳೇನು ಬಂತು" ಎಂದು ಮುಂದಿನ ಪ್ರಶ್ನೆಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷಗಳ ಮೇಲೆ, ಮಹಾಪ್ರಬಂಧದ ಕೊನೆಯ ಅಧ್ಯಾಯಗಳನ್ನು ಬರೆಯುತ್ತಿರುವಾಗ, ಅಂದು ಮೇಜಿನ ಮೇಲಿದ್ದ ಎಂಬತ್ತೈದು ಪ್ರಶ್ನೆಗಳಿಗಿಂತ ಅವಳ ಒಂದು ಪ್ರಶ್ನೆಯೇ ಕಷ್ಟದ್ದಾಗಿತ್ತು ಅನ್ನಿಸುತ್ತದೆ.

ಸಂದರ್ಭ ಹೇಳಿಬಿಡುತ್ತೇನೆ. ನಾನು ಆಗ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಿಎಚ್.ಡಿ.ಯ ಮೊದಲ ವರ್ಷದಲ್ಲಿದ್ದೆ. ಅಲ್ಲಿನ ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮದಲ್ಲಿ ತುಮಕೂರು ಕಡೆಯ ದಂಪತಿ ಪರಿಚಯವಾದರು. ನಾನು ಓದುತ್ತಿರುವ ವಿಷಯ ಕೇಳಿದ್ದೇ ತಡ, ಆಂಟಿ ನನ್ನ ಕೈ ಹಿಡಿದುಕೊಂಡರು. "ನಮ್ಮ ಮಗಳಿಗೆ ಸ್ವಲ್ಪ ಕೆಮಿಸ್ಟ್ರಿ ಹೇಳ್ಕೊಡಮ್ಮ. ಸ್ಕೂಲಲ್ಲಿ ಎ.ಪಿ. ತಗೊಂಡಿದಾಳೆ, ಮಾರ್ಕ್ಸೂ ಚೆನ್ನಾಗೇ ಬರ್ತಿದೆ. ಆದ್ರೂ ಇನ್ನೊಂದು ಟೆಸ್ಟಿಗೆ ಬೇರೆಯಾಗೇ ಓದ್ಬೇಕಂತೆ." ವಿದ್ಯಾರ್ಥಿ ವೀಸಾದಲ್ಲಿ ಹೊರಗೆ ಪಾಠ ಹೇಳಿ ದುಡ್ಡು ಪಡೆಯುವ ಹಾಗಿರಲಿಲ್ಲ. ಹಾಗಾಗಿ ಶನಿವಾರದ ಊಟವೇ ಸಂಬಳ. ಹಾಸ್ಟೆಲಿನ ಕೋಣೆಯಲ್ಲಿ ಬ್ರೆಡ್ಡಿನ ಮೇಲೆ ಬದುಕುತ್ತಿದ್ದವಳಿಗೆ ಬಸ್ಸಾರು, ಮುದ್ದೆ ಸಿಗುತ್ತದೆ ಅಂದರೆ ಅದಕ್ಕಿಂತ ದೊಡ್ಡ ಸಂಬಳ ಬೇಕಿರಲಿಲ್ಲ.

"ಇನ್ನೊಂದು ಟೆಸ್ಟಿಗೆ ಬೇರೆಯಾಗೇ ಓದ್ಬೇಕಂತೆ" ಎನ್ನುವ ಆಂಟಿಯ ಮಾತಿನಲ್ಲಿ ಒಂದು ಅಚ್ಚರಿಯಿತ್ತು. ಒಂದು ವಿಷಯವನ್ನು ವರ್ಷವಿಡೀ ಕಲಿತಾದ ಮೇಲೆ, ಅದೇ ವಿಷಯದ ಪರೀಕ್ಷೆಗೆ ಮತ್ತೆ ಏನನ್ನು ತಯಾರಿ ಮಾಡಬೇಕು? ಕಲಿತದ್ದಕ್ಕೂ ಕಲಿತಿದ್ದೇನೆ ಎಂದು ತೋರಿಸುವುದಕ್ಕೂ ನಡುವೆ ಇರುವ ಜಾಗದಲ್ಲಿ ಏನಿದೆ? ಮೊದಲಿಗೆ ನನಗೂ ಇದು ಬರೀ ವ್ಯಾವಹಾರಿಕ ಪ್ರಶ್ನೆಯಾಗಿ ಕಂಡಿತ್ತು.

ಎ.ಪಿ. ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಮೊದಲ ವರ್ಷದ ಮಟ್ಟದ ಪಾಠ ಕಲಿಸುವ ವ್ಯವಸ್ಥೆ. 1950ರ ದಶಕದಲ್ಲಿ ಶುರುವಾದ ಇದನ್ನು ಕಾಲೇಜ್ ಬೋರ್ಡ್ ಎನ್ನುವ ಸಂಸ್ಥೆ ನಡೆಸುತ್ತದೆ. 1900ರಲ್ಲಿ ಹುಟ್ಟಿದ ಈ ಸಂಸ್ಥೆಯದೇ ಇನ್ನೊಂದು ಪರೀಕ್ಷೆ ಸ್ಯಾಟ್. ಮತ್ತೂ ಒಂದು ಇತ್ತು: 1937ರಲ್ಲಿ ಅಚೀವ್‌ಮೆಂಟ್ ಟೆಸ್ಟ್ ಎಂಬ ಹೆಸರಿನಲ್ಲಿ ಶುರುವಾಗಿ, ಮುಂದೆ ಸ್ಯಾಟ್ ಸಬ್ಜೆಕ್ಟ್ ಟೆಸ್ಟ್ ಎಂದು ಹೆಸರು ಬದಲಿಸಿಕೊಂಡದ್ದು. ಒಂದೊಂದು ವಿಷಯಕ್ಕೆ ಒಂದೊಂದು ಗಂಟೆ, ಎಲ್ಲವೂ ಆಯ್ಕೆಯ ಪ್ರಶ್ನೆಗಳು, 200ರಿಂದ 800ರವರೆಗೆ ಅಂಕ. ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಇದನ್ನು ಕೇಳುತ್ತಿದ್ದವು. ಎಂ.ಐ.ಟಿ.ಗೆ ಅರ್ಜಿ ಹಾಕುವವರು ಆಗ ಗಣಿತದಲ್ಲಿ ಒಂದು, ವಿಜ್ಞಾನದಲ್ಲಿ ಒಂದು ಸಬ್ಜೆಕ್ಟ್ ಟೆಸ್ಟ್ ಬರೆಯಲೇಬೇಕಿತ್ತು. ಎ.ಪಿ. ಪರೀಕ್ಷೆಗಳು ಮೇ ಮೊದಲ ಎರಡು ವಾರಗಳಲ್ಲಿ ನಡೆದರೆ, ಈ ಹುಡುಗಿ ಬರೆಯಬೇಕಿದ್ದ ಸಬ್ಜೆಕ್ಟ್ ಟೆಸ್ಟ್ ಜೂನ್ ಮೊದಲ ಶನಿವಾರ. ಪಾಠವೆಲ್ಲ ತಲೆಯಲ್ಲಿ ಬಿಸಿಬಿಸಿಯಾಗಿರುವಾಗಲೇ ಬರೆದುಬಿಡಲಿ ಎಂಬ ಲೆಕ್ಕಾಚಾರ.

ಆದರೆ ಎರಡೂ ಪರೀಕ್ಷೆಗಳ ಸ್ವಭಾವ ಬೇರೆ. ಎ.ಪಿ. ಕೆಮಿಸ್ಟ್ರಿಯಲ್ಲಿ ಒಂದೂವರೆ ಗಂಟೆಗೆ ಅರವತ್ತು ಆಯ್ಕೆಯ ಪ್ರಶ್ನೆಗಳು. ಅದಾದ ಮೇಲೆ ನೂರೈದು ನಿಮಿಷ ಬರೀ ಏಳು ಪ್ರಶ್ನೆಗಳಿಗೆ ಬರೆದು ಉತ್ತರಿಸಬೇಕು. ಆ ಏಳರಲ್ಲಿ ಲೆಕ್ಕ ಅರ್ಧಕ್ಕೆ ನಿಂತರೂ ಅರ್ಧ ಅಂಕವಿದೆ. ದಾರಿ ಸರಿಯಿದ್ದು ಕೊನೆಯಲ್ಲಿ ಗುಣಾಕಾರ ತಪ್ಪಿದರೆ ಪೂರ್ತಿ ಕೈಬಿಡುವುದಿಲ್ಲ. ಸಬ್ಜೆಕ್ಟ್ ಟೆಸ್ಟಿನಲ್ಲಿ ಒಂದು ಗಂಟೆಗೆ ಎಂಬತ್ತೈದು ಪ್ರಶ್ನೆ. ಭಾಗಿಸಿದರೆ ಒಂದಕ್ಕೆ ನಲವತ್ತೆರಡು ಸೆಕೆಂಡು. ಕ್ಯಾಲ್ಕ್ಯುಲೇಟರ್ ಇಲ್ಲ. ಎ.ಪಿ. ಆಳಕ್ಕೆ ಹೋಗುತ್ತಿತ್ತು, ಇದು ಅಗಲಕ್ಕೆ. ದ್ರಾವಣಗಳ ಕುದಿಬಿಂದು ಏರುವುದು, ಘನೀಕರಣ ಬಿಂದು ಇಳಿಯುವುದು ಇಂಥ ಕೆಲವು ಸಂಗತಿಗಳನ್ನು ಎ.ಪಿ. ತನ್ನ 2014ರ ಪರಿಷ್ಕರಣೆಯಲ್ಲಿ ಹಿಂದಕ್ಕೆ ಸರಿಸಿತ್ತು, ಸಬ್ಜೆಕ್ಟ್ ಟೆಸ್ಟಿನಲ್ಲಿ ಅವು ಬರುತ್ತಿದ್ದವು. ಹೀಗಾಗಿ ಸಮತೋಲನ ಸ್ಥಿರಾಂಕವನ್ನು ಕರಗತ ಮಾಡಿಕೊಂಡಿದ್ದ ಹುಡುಗಿ ಯಾವ ಲವಣದ ದ್ರಾವಣಕ್ಕೆ ಯಾವ ಬಣ್ಣ ಎಂಬಲ್ಲಿ ತಡವರಿಸುತ್ತಿದ್ದಳು. ಇದೆಲ್ಲ ಎರಡು ತಿಂಗಳಲ್ಲಿ ಸರಿಪಡಿಸಬಹುದಾದದ್ದು, ಸರಿಪಡಿಸಿದೆವು ಕೂಡ. ಸರಿಪಡಿಸಲಾಗದೆ ಉಳಿದದ್ದು ಅವಳ ಖಾಲಿ ವೃತ್ತಗಳು.

ಸಬ್ಜೆಕ್ಟ್ ಟೆಸ್ಟಿನಲ್ಲಿ ಐದು ಆಯ್ಕೆಗಳಿರುತ್ತಿದ್ದವು. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಖಾಲಿ ಬಿಟ್ಟರೆ ಸೊನ್ನೆ. ಮಕ್ಕಳೆಲ್ಲ ಇದನ್ನು ಊಹೆಗೆ ವಿಧಿಸುವ ದಂಡ ಎಂದೇ ತಿಳಿದಿದ್ದರು. ಕೂತು ಲೆಕ್ಕ ಹಾಕಿದರೆ ದಂಡವೇ ಅಲ್ಲ. ಏನೇನೂ ಗೊತ್ತಿಲ್ಲದ ಇಪ್ಪತ್ತು ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ, ಸರಾಸರಿಯಲ್ಲಿ ನಾಲ್ಕು ಸರಿಯಾಗುತ್ತವೆ, ಹದಿನಾರು ತಪ್ಪಾಗುತ್ತವೆ. ನಾಲ್ಕು ಬಂತು, ಹದಿನಾರರ ಕಾಲು ಭಾಗ ಅಂದರೆ ನಾಲ್ಕು ಹೋಯಿತು. ಕೈಗೆ ಸೊನ್ನೆ. ಅಂದರೆ ಕುರುಡು ಊಹೆಗೂ ಖಾಲಿ ಬಿಟ್ಟದ್ದಕ್ಕೂ ಪರೀಕ್ಷೆ ಒಂದೇ ಬೆಲೆ ಕಟ್ಟುತ್ತಿತ್ತು. ಆದರೆ ಐದರಲ್ಲಿ ಒಂದು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಅಂಥ ಹದಿನಾರು ಪ್ರಶ್ನೆಗಳಲ್ಲಿ ನಾಲ್ಕು ಸರಿ, ಹನ್ನೆರಡು ತಪ್ಪು. ನಾಲ್ಕರಲ್ಲಿ ಮೂರು ಕಳೆದರೂ ಒಂದು ಉಳಿಯುತ್ತದೆ. ಎರಡು ಆಯ್ಕೆ ಹೊಡೆದುಹಾಕಬಲ್ಲೆವಾದರೆ ಇನ್ನೂ ಲಾಭ. ಹಾಗಾಗಿ ನಾನು ಅವಳಿಗೆ ಹೇಳಿಕೊಟ್ಟ ಸೂತ್ರ ಇದು: ಒಂದಾದರೂ ಆಯ್ಕೆಯನ್ನು ತಳ್ಳಿಹಾಕಲು ಆದರೆ, ಉಳಿದದ್ದರಲ್ಲಿ ಒಂದನ್ನು ಗುರುತು ಮಾಡು. ಖಾಲಿ ಬಿಡಬೇಡ.

ಅವಳು ತಲೆಯಾಡಿಸುತ್ತಿದ್ದಳು. ಮುಂದಿನ ಶನಿವಾರ ನೋಡಿದರೆ ಅಭ್ಯಾಸ ಪತ್ರಿಕೆಯಲ್ಲಿ ಮತ್ತೆ ಹದಿನಾಲ್ಕು ಖಾಲಿ. ಅವಳ ಕುರಿತು ನನಗೆ ಸಣ್ಣ ಸಿಟ್ಟೂ ಬರುತ್ತಿತ್ತು. "ಇದರಲ್ಲಿ ಎರಡು ಆಯ್ಕೆ ತಪ್ಪು ಅಂತ ನಿನಗೇ ಗೊತ್ತಲ್ಲ, ಯಾಕೆ ಬಿಟ್ಟೆ?" ಎಂದರೆ, "ಗೊತ್ತು, ಆದ್ರೆ ಉತ್ತರ ಗೊತ್ತಿಲ್ಲ" ಎನ್ನುವಳು. ಹೀಗೆ ಮೂರ್ನಾಲ್ಕು ವಾರ ಹಗ್ಗಜಗ್ಗಾಟವಾದ ಮೇಲೆ ಬಂದ ಪ್ರಶ್ನೆ ಅದು, ಸುಳ್ಳು ಹೇಳಿದ ಹಾಗೆ ಅಲ್ವಾ ಎನ್ನುವುದು.

ನಾನು ಬೆಳೆದ ಕಡೆ ಈ ಪ್ರಶ್ನೆ ಹುಟ್ಟುವುದಕ್ಕೇ ಆಸ್ಪದವಿರಲಿಲ್ಲ. ಹಾಸನ ಜಿಲ್ಲೆಯ ಪುಟ್ಟ ಪಟ್ಟಣದಲ್ಲಿ ಪಿ.ಯು.ಸಿ. ಮುಗಿಸಿ 2013ರಲ್ಲಿ ಸಿ.ಇ.ಟಿ. ಬರೆದವಳು ನಾನು. ಸಿ.ಇ.ಟಿ.ಯಲ್ಲಿ ಒಂದು ವಿಷಯಕ್ಕೆ ಅರವತ್ತು ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪಿಗೆ ಕಡಿತವಿಲ್ಲ. ನಮ್ಮ ಲೆಕ್ಚರರು ಕೊನೆಯ ತರಗತಿಯಲ್ಲಿ ಕೊಟ್ಟ ಕೊನೆಯ ಸಲಹೆ, "ಒಂದೂ ಬಿಡಬೇಡ್ರಪ್ಪ, ಗೊತ್ತಿಲ್ಲದಿದ್ರೆ ದೇವರ ಮೇಲೆ ಭಾರ ಹಾಕಿ ಒಂದೇ ಅಕ್ಷರ ತುಂಬಿಕೊಂಡು ಹೋಗಿ." ನಾನು ಗಣಿತದ ಕೊನೆಯ ಏಳೆಂಟು ವೃತ್ತಗಳನ್ನು ಎರಡು ನಿಮಿಷದಲ್ಲಿ ಹಾಗೇ ತುಂಬಿದ್ದೆ. ನೀಟ್‌ನಲ್ಲಿ ಕಡಿತವಿದೆಯಲ್ಲ ಎನ್ನಬಹುದು. ಅಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ, ಆಯ್ಕೆ ನಾಲ್ಕು. ಕಣ್ಣುಮುಚ್ಚಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೂ ಸರಾಸರಿಯಲ್ಲಿ ನಾಲ್ಕು ಬಂದು ಮೂರು ಹೋಗಿ ಒಂದು ಉಳಿಯುತ್ತದೆ. ಗೊತ್ತಿಲ್ಲ ಎನ್ನುವವನಿಗಿಂತ ಏನೋ ಒಂದು ಹೇಳಿಬಿಡುವವನಿಗೆ ಅಲ್ಲೂ ಒಂದು ಕೂದಲೆಳೆಯ ಲಾಭ. ಇಂಥ ವ್ಯವಸ್ಥೆಯಲ್ಲಿ ಪಳಗಿ ಬಂದ ನನಗೆ ಅವಳ ಪ್ರಶ್ನೆ ಮುಗ್ಧತೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳೋಣ. ಊಹೆ ಸುಳ್ಳೇ?

ಸುಳ್ಳು ಎನ್ನಬೇಕಾದರೆ ಎರಡು ಇರಬೇಕು. ನಾನು ಒಂದನ್ನು ನಿಜವೆಂದು ಹೇಳುತ್ತಿದ್ದೇನೆ ಎಂದು ಕೇಳುವವರು ನಂಬಬೇಕು. ಆ ನಂಬಿಕೆಯನ್ನು ನಾನು ತಿಳಿದೂ ತಿಳಿದೂ ದುರುಪಯೋಗ ಮಾಡಬೇಕು. ಪರೀಕ್ಷೆಯ ಹಾಳೆಯ ಮೇಲಿನ ಕಪ್ಪು ವೃತ್ತ "ಇದು ನನಗೆ ಗೊತ್ತು" ಎಂದು ಹೇಳುವುದಿಲ್ಲ. ಮಕ್ಕಳು ಊಹಿಸುತ್ತಾರೆ ಎಂದು ಪರೀಕ್ಷೆ ಮಾಡುವವರಿಗೆ ಗೊತ್ತು. ಗೊತ್ತಿರುವುದರಿಂದಲೇ ಕಾಲು ಅಂಕದ ಲೆಕ್ಕ ಇಟ್ಟಿದ್ದಾರೆ. ಚೌಕಾಬಾರದಲ್ಲಿ ಕವಡೆ ಎಸೆದವನು ಸುಳ್ಳು ಹೇಳಿದ ಎಂದು ಯಾರೂ ಅನ್ನುವುದಿಲ್ಲ. ಇಬ್ಬರಿಗೂ ನಿಯಮ ಗೊತ್ತಿರುವ ಆಟದಲ್ಲಿ ಅದೊಂದು ನಡೆ. ಹೀಗೆ ನೋಡಿದರೆ ನನ್ನ ನಗು ತಪ್ಪಿರಲಿಲ್ಲ.

ಆದರೆ ಆಟ ಕೋಣೆಯೊಳಗೇ ಉಳಿಯುವುದಿಲ್ಲ, ಅಲ್ಲೇ ತೊಡಕು. ಒಂದು ಗಂಟೆಯ ಆಟದ ಫಲ ಒಂದು ಸಂಖ್ಯೆಯಾಗಿ ಹೊರಗೆ ಹೋಗುತ್ತದೆ. ಹೊರಗಿನವರು ಅದನ್ನು ಆಟದ ಅಂಕವೆಂದು ಓದುವುದಿಲ್ಲ, "ಈ ಹುಡುಗಿಗೆ ಇಷ್ಟು ರಸಾಯನಶಾಸ್ತ್ರ ಗೊತ್ತು" ಎನ್ನುವ ಹೇಳಿಕೆಯಾಗಿ ಓದುತ್ತಾರೆ. ಅದರೊಳಗೆ ತಿಳಿದು ಬರೆದದ್ದೆಷ್ಟು, ಅದೃಷ್ಟದಿಂದ ಬಂದದ್ದೆಷ್ಟು ಎಂದು ಯಾರೂ ಬೇರ್ಪಡಿಸಲಾರರು. ಕೊನೆಕೊನೆಗೆ ಬರೆದವಳೂ ಬೇರ್ಪಡಿಸಲಾರಳು. ಅಂಕ ಬಂದ ದಿನದಿಂದ ಅವಳೂ ಅದನ್ನು ತನ್ನ ತಿಳಿವಿನ ಅಳತೆ ಎಂದೇ ನಂಬತೊಡಗುತ್ತಾಳೆ. ಹುಡುಗಿಗೆ ಕಸಿವಿಸಿಯಾದದ್ದು ಇಲ್ಲೇ ಇರಬೇಕು. ಅವಳು ಕಾಲೇಜ್ ಬೋರ್ಡಿಗೆ ಮೋಸವಾಗುತ್ತದೆಂದು ಹೆದರಿರಲಿಲ್ಲ. ತನ್ನೊಳಗಿನ ಲೆಕ್ಕ ಕೆಡುತ್ತದೆಂದು ಹೆದರಿದ್ದಳು.

ಸರಿಯಾದ ಉತ್ತರವೂ ತಿಳಿವೂ ಒಂದೇ ಅಲ್ಲ ಎನ್ನುವುದು ಹಳೆಯ ಮಾತು. ನಮ್ಮಲ್ಲಿ ಇದಕ್ಕೆ ಘುಣಾಕ್ಷರ ನ್ಯಾಯ ಎನ್ನುತ್ತಾರೆ. ಮರ ಕೊರೆಯುವ ಹುಳ ಕೊರೆಯುತ್ತ ಹೋದಂತೆ ಎಲ್ಲೋ ಒಂದು ಕಡೆ ಅಕ್ಷರದ ಆಕಾರ ಮೂಡಿಬಿಡುತ್ತದೆ. ಓದುವವನಿಗೆ ಅದು ಅಕ್ಷರವೇ. ಹುಳಕ್ಕೆ ಮಾತ್ರ ಅಕ್ಷರ ಗೊತ್ತಿಲ್ಲ. ಪ್ಲೇಟೋನ 'ಮೆನೊ' ಸಂವಾದದಲ್ಲಿ ಸಾಕ್ರೆಟಿಸ್ ಇದನ್ನೇ ಬೇರೆ ಕಡೆಯಿಂದ ಹಿಡಿಯುತ್ತಾನೆ. ಲಾರಿಸಾ ಊರಿಗೆ ಹೋಗುವ ದಾರಿ ನಡೆದು ಬಲ್ಲವನೊಬ್ಬ, ನಡೆಯದೆಯೇ ಸರಿಯಾಗಿ ಅಂದಾಜು ಮಾಡಿದವನೊಬ್ಬ. ಇಬ್ಬರ ಹಿಂದೆ ಹೋದವರೂ ಊರು ಸೇರುತ್ತಾರೆ. ಹಾಗಾದರೆ ತಿಳಿವಿಗೆ ಯಾಕೆ ಹೆಚ್ಚಿನ ಬೆಲೆ? ಸಾಕ್ರೆಟಿಸನ ಉತ್ತರ: ಸರಿಯಾದ ಅಭಿಪ್ರಾಯ ಡೀಡಲಸ್ ಎಂಬ ಶಿಲ್ಪಿಯ ವಿಗ್ರಹಗಳ ಹಾಗೆ, ಕಟ್ಟಿಹಾಕದಿದ್ದರೆ ಓಡಿಹೋಗುತ್ತದೆ. ಕಾರಣದ ಹಗ್ಗದಲ್ಲಿ ಕಟ್ಟಿದಾಗ ಅದು ತಿಳಿವಾಗಿ ನಿಲ್ಲುತ್ತದೆ.

ವಿಚಿತ್ರವೆಂದರೆ ಆ ಕೆಮಿಸ್ಟ್ರಿ ಟೆಸ್ಟಿನ ಒಂದು ಭಾಗ ಈ ಹಗ್ಗವನ್ನೇ ಹುಡುಕುತ್ತಿತ್ತು. ಅಲ್ಲಿ ಎರಡೆರಡು ಹೇಳಿಕೆಗಳು, ನಡುವೆ "ಏಕೆಂದರೆ" ಎಂಬ ಪದ. ಮೊದಲನೆಯದು ಸರಿಯೇ, ಎರಡನೆಯದು ಸರಿಯೇ ಎಂದು ಗುರುತಿಸಬೇಕು. ಎರಡೂ ಸರಿಯಾಗಿದ್ದು, ಎರಡನೆಯದು ಮೊದಲನೆಯದಕ್ಕೆ ನಿಜವಾದ ಕಾರಣವೂ ಆಗಿದ್ದರೆ ಮಾತ್ರ ಇನ್ನೊಂದು ವೃತ್ತ ತುಂಬಬೇಕು. ನಾನೇ ಮಾಡಿಕೊಟ್ಟ ಒಂದು ಉದಾಹರಣೆ: ಹೀಲಿಯಂ ಬೇರೆ ಧಾತುಗಳೊಂದಿಗೆ ಸುಲಭವಾಗಿ ಸೇರುವುದಿಲ್ಲ, ಏಕೆಂದರೆ ಹೀಲಿಯಂ ಗಾಳಿಗಿಂತ ಹಗುರ. ಎರಡೂ ನಿಜ, ಆದರೆ ಹಗುರವಾಗಿರುವುದು ಕಾರಣವಲ್ಲ. ಇನ್ನೊಂದು: ಉಪ್ಪುನೀರು ಶುದ್ಧ ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ, ಏಕೆಂದರೆ ಕರಗಿದ ಉಪ್ಪು ನೀರಿನ ಆವಿಯೊತ್ತಡವನ್ನು ತಗ್ಗಿಸುತ್ತದೆ. ಇಲ್ಲಿ ಕಾರಣವೂ ಕೂಡುತ್ತದೆ. ಹುಡುಗಿಗೆ ಅತ್ಯಂತ ಇಷ್ಟದ ಭಾಗ ಇದೇ ಆಗಿತ್ತು. ಇದರಲ್ಲಿ ಅವಳು ಖಾಲಿ ಬಿಡುತ್ತಿದ್ದದ್ದೂ ಕಡಿಮೆ.

ಇಷ್ಟು ಹೇಳಿದ ಮೇಲೆ ಖಾಲಿ ಬಿಡುವುದೇ ಪ್ರಾಮಾಣಿಕತೆ, ಊಹಿಸುವುದು ಅಪ್ರಾಮಾಣಿಕತೆ ಎಂದು ತೀರ್ಮಾನಿಸಿದರೆ ಕೇಳಲು ಚೆಂದ. ಆದರೆ ಅದು ನಿಜವಲ್ಲ. ಎರಡು ಕಾರಣಗಳಿಗೆ.

ಒಂದು, ಅರ್ಧ ತಿಳಿವು ಕೂಡ ತಿಳಿವೇ. ಐದರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಎಂದು ಬಲ್ಲವಳಿಗೆ ಏನೂ ಗೊತ್ತಿಲ್ಲ ಎನ್ನಲಾಗದು. ಅವಳು ಖಾಲಿ ಬಿಟ್ಟಾಗ ಹಾಳೆ ಹೇಳುವುದು "ನನಗೆ ಏನೂ ಗೊತ್ತಿಲ್ಲ" ಎಂದು. ಅದೂ ನಿಜವಲ್ಲ. ಊಹಿಸಿದರೆ ಇರುವುದಕ್ಕಿಂತ ಹೆಚ್ಚು ಹೇಳಿದಂತೆ, ಬಿಟ್ಟರೆ ಇರುವುದಕ್ಕಿಂತ ಕಡಿಮೆ ಹೇಳಿದಂತೆ. ಒಂದು ವೃತ್ತಕ್ಕೆ ತುಂಬಿದ್ದು, ಖಾಲಿ ಎಂಬ ಎರಡೇ ಭಾಷೆ. "ಇಷ್ಟು ಗೊತ್ತು, ಇದರಾಚೆ ಗೊತ್ತಿಲ್ಲ" ಎನ್ನುವ ವಾಕ್ಯ ಅದಕ್ಕೆ ಬರುವುದಿಲ್ಲ. ಎ.ಪಿ.ಯ ಏಳು ಪ್ರಶ್ನೆಗಳಲ್ಲಿ ಆ ವಾಕ್ಯಕ್ಕೆ ಜಾಗವಿತ್ತು. ಅರ್ಧ ಲೆಕ್ಕ ಬರೆದು ನಿಲ್ಲಿಸಿದವಳಿಗೆ ಅರ್ಧ ಅಂಕ ಸಿಗುತ್ತಿತ್ತು.

ಎರಡನೆಯದು ನ್ಯಾಯದ ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಗಳಲ್ಲಿ, ಅಷ್ಟೇ ತಿಳಿದ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳು ಹೆಚ್ಚು ಪ್ರಶ್ನೆಗಳನ್ನು ಖಾಲಿ ಬಿಡುತ್ತಾರೆ, ಅದರಿಂದ ಅವರ ಅಂಕ ಕುಸಿಯುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಇದನ್ನು ನಾನು ಓದಿದ್ದು ತಡವಾಗಿ. ಓದಿದಾಗ ಆ ಹದಿನಾಲ್ಕು ಖಾಲಿ ವೃತ್ತಗಳು ಕಣ್ಣಮುಂದೆ ಬಂದವು. ಅವಳ ಹಿಂಜರಿಕೆಯಲ್ಲಿ ಪ್ರಾಮಾಣಿಕತೆ ಎಷ್ಟು, ತಪ್ಪು ಮಾಡಬಾರದು ಎಂದು ಚಿಕ್ಕಂದಿನಿಂದ ಹೆಣ್ಣುಮಕ್ಕಳಿಗೆ ಕೂರಿಸಿಬಿಡುವ ಭಯ ಎಷ್ಟು? ಎರಡನ್ನೂ ಬೇರೆ ಮಾಡಿ ನೋಡುವ ಉಪಕರಣ ನನ್ನ ಬಳಿ ಇರಲಿಲ್ಲ. ಬಹುಶಃ ಅವಳ ಬಳಿಯೂ ಇರಲಿಲ್ಲ. ಆದರೆ ಫಲಿತಾಂಶ ಒಂದೇ: ಸಂಕೋಚವಿಲ್ಲದೆ ತುಂಬಿದವನು ಮುಂದೆ ಹೋಗುತ್ತಾನೆ, ಸಂಕೋಚಪಟ್ಟವಳು ಹಿಂದೆ ಉಳಿಯುತ್ತಾಳೆ. ಅಂಥ ಕಡೆ "ನೀನು ಖಾಲಿ ಬಿಡು, ಅದೇ ಒಳ್ಳೆಯತನ" ಎಂದು ಉಪದೇಶಿಸುವುದು ಸುಲಭ. ಬೆಲೆ ತೆರುವವಳು ಅವಳು, ಉಪದೇಶಿಸಿದ ಪುಣ್ಯ ನನಗೆ.

ಇವೆರಡರ ನಡುವೆ ಒಂದು ದಾರಿ ಇದೆಯೇ? ನಾವು ಒಂದನ್ನು ಹುಡುಕಿಕೊಂಡೆವು. ಅಂದು ನನಗೆ ಇದರಲ್ಲಿ ತತ್ವಶಾಸ್ತ್ರವೇನೂ ಕಂಡಿರಲಿಲ್ಲ, ಹಟ ಹಿಡಿದ ಹುಡುಗಿಯನ್ನು ಒಪ್ಪಿಸುವ ಉಪಾಯ ಮಾತ್ರ. "ಸರಿ, ಹೀಗೆ ಮಾಡೋಣ. ನೀನು ಊಹಿಸಿದ ಪ್ರತಿ ಉತ್ತರದ ಪಕ್ಕ ಪುಸ್ತಕದಲ್ಲಿ ಒಂದು ಚುಕ್ಕೆ ಇಡು. ಆಮೇಲೆ ನೋಡೋಣ" ಎಂದೆ. ಉತ್ತರದ ಹಾಳೆಯಲ್ಲಿ ಆಟದ ನಿಯಮ, ಪುಸ್ತಕದಲ್ಲಿ ಅವಳ ನಿಯಮ. ಮೊದಲ ವಾರ ಹನ್ನೆರಡು ಚುಕ್ಕೆ. ಅದರಲ್ಲಿ ಐದು ಸರಿ ಬಂದಿದ್ದವು. ನಾನು ತಪ್ಪಾದ ಏಳನ್ನು ವಿವರಿಸಿ ಮುಗಿಸಲು ಹೊರಟರೆ ಅವಳು ತಡೆದಳು. "ಇವು ಐದೂ ಹೇಳ್ಕೊಡಿ ಅಕ್ಕ. ಇವೂ ನನಗೆ ಗೊತ್ತಿರಲಿಲ್ಲ."

ಅಲ್ಲಿಂದ ಮುಂದೆ ಚುಕ್ಕೆ ಇರುವುದೆಲ್ಲ ತಪ್ಪಿನ ಪಟ್ಟಿಗೇ ಸೇರಿತು, ಉತ್ತರ ಸರಿ ಬಂದಿರಲಿ ಬಿಡಲಿ. ಪರೀಕ್ಷೆಗೆ ಓದುವ ಯಾವ ವಿದ್ಯಾರ್ಥಿಗಾದರೂ ನಾನು ಇದೊಂದನ್ನು ಧೈರ್ಯವಾಗಿ ಹೇಳಬಲ್ಲೆ. ಸಾಮಾನ್ಯವಾಗಿ ನಾವು ಅಭ್ಯಾಸ ಪತ್ರಿಕೆಯ ತಪ್ಪುಗಳನ್ನು ನೋಡುತ್ತೇವೆ, ಸರಿ ಬಂದದ್ದನ್ನು ದಾಟಿಹೋಗುತ್ತೇವೆ. ಆದರೆ ತಪ್ಪು ಉತ್ತರ ತನ್ನ ಅಜ್ಞಾನವನ್ನು ಒಪ್ಪಿಕೊಂಡು ಕೈಯೆತ್ತಿ ನಿಂತಿರುತ್ತದೆ. ಸರಿಯಾದ ಊಹೆ ಮಾತ್ರ ತಿಳಿವಿನ ಅಂಗಿ ತೊಟ್ಟು ಗುಂಪಿನಲ್ಲಿ ಸೇರಿಕೊಂಡುಬಿಡುತ್ತದೆ. ಒಮ್ಮೆ ಸೇರಿಕೊಂಡರೆ ಮತ್ತೆ ಹುಡುಕುವುದು ಕಷ್ಟ.

ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಎರಡು ವರ್ಷಗಳ ನಂತರ, ನನ್ನ ಪ್ರಯೋಗಾಲಯದಲ್ಲಿ. ನಾನು ತಯಾರಿಸಿದ ಒಂದು ಸಂಯುಕ್ತದ ಎನ್.ಎಂ.ಆರ್. ಚಿತ್ರವನ್ನು ವಾರದ ಸಭೆಯಲ್ಲಿ ತೋರಿಸುತ್ತಿದ್ದೆ. ಮುಖ್ಯ ಗೆರೆಗಳ ನಡುವೆ ಬೇಡದ ಒಂದು ಸಣ್ಣ ಗೆರೆಯಿತ್ತು. ಅದರ ಮೇಲೆ ನಾನು "ಈಥೈಲ್ ಅಸಿಟೇಟ್" ಎಂದು ಬರೆದಿದ್ದೆ. ಶುದ್ಧೀಕರಣಕ್ಕೆ ಬಳಸುವ ದ್ರಾವಕ ಅದು, ಸ್ವಲ್ಪ ಉಳಿದುಕೊಳ್ಳುವುದು ಸಾಮಾನ್ಯ. ನನ್ನ ಗೈಡ್ ಕೇಳಿದರು, ನಿನಗೆ ಹೇಗೆ ಗೊತ್ತು? ನಾನು, ಸಾಮಾನ್ಯವಾಗಿ ಅದೇ ಆಗಿರುತ್ತದಲ್ಲ ಎಂದೆ. ಈಥೈಲ್ ಅಸಿಟೇಟ್ ಆದರೆ ಅದರ ಗುರುತು ಮೂರು ಕಡೆ ಕಾಣಬೇಕು. ನಾನು ಒಂದನ್ನು ನೋಡಿ ಹೆಸರು ಬರೆದಿದ್ದೆ. ಮಿಕ್ಕ ಎರಡನ್ನು ಹುಡುಕಿಯೇ ಇರಲಿಲ್ಲ. ಸಭೆ ಮುಗಿದ ಮೇಲೆ ಹುಡುಕಿದೆ. ಎರಡೂ ಇದ್ದವು. ನಾನು ಬರೆದದ್ದು ಸರಿಯಾಗಿಯೇ ಇತ್ತು. ಹೋಗಿ ಹೇಳಿದಾಗ ಅವರು ಹೇಳಿದ್ದು, "ಒಳ್ಳೆಯದು. ಆದರೆ ಬೆಳಿಗ್ಗೆ ಅದು ನಿನಗೆ ಗೊತ್ತಿರಲಿಲ್ಲ."

ಕೋಣೆಗೆ ಬಂದು ನನ್ನ ನೋಟ್‌ಬುಕ್ಕನ್ನು ಹಿಂದಿನಿಂದ ಮುಂದಕ್ಕೆ ತಿರುವಿದೆ. ಇಂಥವು ಇನ್ನೆಷ್ಟಿವೆ? ಖಚಿತ ಮಾಡಿಕೊಂಡು ಬರೆದದ್ದೂ ಒಂದೇ ಶಾಯಿ, ಅಂದಾಜಿನಲ್ಲಿ ಬರೆದದ್ದೂ ಅದೇ ಶಾಯಿ. ಯಾವುದು ಯಾವುದೆಂದು ನನಗೇ ಹೇಳಲಾಗಲಿಲ್ಲ. ಸಿ.ಇ.ಟಿ.ಯ ಕೊನೆಯ ಎರಡು ನಿಮಿಷ ನನ್ನ ಬೆರಳುಗಳಲ್ಲಿ ಇನ್ನೂ ಉಳಿದಿತ್ತು. ಹದಿನಾರರ ಹುಡುಗಿಗೆ ಚುಕ್ಕೆ ಇಡಲು ಹೇಳಿಕೊಟ್ಟವಳು ನಾನು, ನನ್ನ ಪುಸ್ತಕದಲ್ಲಿ ಒಂದೂ ಚುಕ್ಕೆ ಇಟ್ಟಿರಲಿಲ್ಲ. ಆ ವಾರ ಕೂತು ಹದಿನೇಳು ಗುರುತುಗಳನ್ನು ಮತ್ತೆ ಪರೀಕ್ಷಿಸಿದೆ. ಎರಡು ತಪ್ಪಾಗಿದ್ದವು. ಅದರಲ್ಲಿ ಒಂದರ ಮೇಲೆ ನಾಲ್ಕು ತಿಂಗಳ ಕೆಲಸ ನಿಂತಿತ್ತು.

ಆ ಹೊತ್ತಿಗೆ ಸಬ್ಜೆಕ್ಟ್ ಟೆಸ್ಟುಗಳೇ ಇರಲಿಲ್ಲ. 2021ರ ಜನವರಿಯಲ್ಲಿ ಕಾಲೇಜ್ ಬೋರ್ಡ್ ಅವನ್ನು ನಿಲ್ಲಿಸುವುದಾಗಿ ಘೋಷಿಸಿತು. ಅಮೆರಿಕದಲ್ಲಿ ತಕ್ಷಣದಿಂದ, ಹೊರದೇಶಗಳಲ್ಲಿ ಆ ವರ್ಷದ ಜೂನ್ ನಂತರ. ಎ.ಪಿ. ಈಗ ಎಲ್ಲೆಡೆ ಹರಡಿದೆ, ಮಕ್ಕಳು ತಮಗೆ ತಿಳಿದದ್ದನ್ನು ಅದರಲ್ಲೇ ತೋರಿಸಬಹುದು ಎಂಬುದು ಕೊಟ್ಟ ಕಾರಣ. ಎಂ.ಐ.ಟಿ. ಅದಕ್ಕೂ ಒಂದು ವರ್ಷ ಮುಂಚೆಯೇ ಅವನ್ನು ಪರಿಗಣಿಸುವುದು ಬಿಟ್ಟಿತ್ತು. ಸಾವಿರಾರು ಮಕ್ಕಳ ಹೆಗಲ ಮೇಲಿನ ಒಂದು ಹೊರೆ ಇಳಿಯಿತು, ಒಳ್ಳೆಯದೇ. ಎ.ಪಿ. ಪಾಠವೇ ಇಲ್ಲದ ಶಾಲೆಯಲ್ಲಿ ಓದಿದ ಮಗುವಿಗೆ ತನ್ನ ತಿಳಿವನ್ನು ತೋರಿಸಲು ಇದ್ದ ಒಂದು ಬಾಗಿಲೂ ಮುಚ್ಚಿತು ಎನ್ನುವುದೂ ನಿಜ.

ಅದರ ಜೊತೆ ಹೋದ ಇನ್ನೊಂದು ಸಂಗತಿಯನ್ನು ಯಾರೂ ಗಮನಿಸಿದಂತಿಲ್ಲ. ತಪ್ಪಿಗೆ ಕಾಲು ಅಂಕ ಕಳೆಯುವ ಕ್ರಮವನ್ನು ಎ.ಪಿ. 2011ರಲ್ಲೇ ಬಿಟ್ಟಿತ್ತು, ಸ್ಯಾಟ್ 2016ರಲ್ಲಿ ಬಿಟ್ಟಿತು. ಸಬ್ಜೆಕ್ಟ್ ಟೆಸ್ಟುಗಳಲ್ಲಿ ಮಾತ್ರ ಅದು ಕೊನೆಯವರೆಗೂ ಉಳಿದಿತ್ತು. ಅವು ನಿಂತಾಗ, ಈ ಮೂರರಲ್ಲಿ "ಗೊತ್ತಿಲ್ಲ" ಎನ್ನುವ ಉತ್ತರಕ್ಕೆ ಕುರುಡು ಊಹೆಯಷ್ಟೇ ಬೆಲೆ ಕೊಡುತ್ತಿದ್ದ ಕೊನೆಯ ಪರೀಕ್ಷೆಯೂ ಹೋಯಿತು. ಈಗ ಅಲ್ಲಿಯೂ ಖಾಲಿ ವೃತ್ತವೆಂದರೆ ಬರೀ ನಷ್ಟ, ನಮ್ಮ ಸಿ.ಇ.ಟಿ.ಯ ಹಾಗೆಯೇ. ನ್ಯಾಯದ ದೃಷ್ಟಿಯಿಂದ ಈ ಬದಲಾವಣೆ ಸರಿಯೆಂದೇ ನನಗೂ ಅನ್ನಿಸುತ್ತದೆ. ಸಂಕೋಚದ ಹುಡುಗಿಯರು ಇನ್ನು ಅದಕ್ಕೆ ಬೆಲೆ ತೆರಬೇಕಿಲ್ಲ. ಆದರೆ ಪರೀಕ್ಷೆ ಬಿಟ್ಟುಕೊಟ್ಟ ಕೆಲಸವನ್ನು ಬೇರೆ ಯಾರಾದರೂ ಮಾಡಲೇಬೇಕಲ್ಲ. ತನಗೆ ಗೊತ್ತಿರುವುದೆಷ್ಟು, ಗೊತ್ತಿದೆ ಎಂದು ಕಾಣಿಸುತ್ತಿರುವುದೆಷ್ಟು ಎಂಬ ಲೆಕ್ಕವನ್ನು ಇನ್ನು ಬರೆಯುವವಳೇ ಇಟ್ಟುಕೊಳ್ಳಬೇಕು. ಅದನ್ನು ತಪಾಸಣೆ ಮಾಡಲು ಯಾರೂ ಬರುವುದಿಲ್ಲ.

ಆಂಟಿ ಅಂದು ಕೇಳಿದ್ದಕ್ಕೆ, ಕಲಿತಾದ ಮೇಲೂ ತಯಾರಿ ಯಾಕೆ ಎನ್ನುವುದಕ್ಕೆ, ಈಗ ನನ್ನಲ್ಲಿ ಒಂದು ಉತ್ತರವಿದೆ. ವೇಗ, ಸೂತ್ರ, ಬಣ್ಣಗಳ ಪಟ್ಟಿ ಇವೆಲ್ಲ ತಯಾರಿಯ ಸಣ್ಣ ಭಾಗ. ದೊಡ್ಡ ಭಾಗ, ಕಲಿತದ್ದರ ಎಲ್ಲೆ ಎಲ್ಲಿದೆ ಎಂದು ನೋಡಿಕೊಳ್ಳುವುದು. ಪಾಠ ಕೇಳುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಎಲ್ಲಿ ತಿಳಿವು ಮುಗಿದು ಅಂದಾಜು ಶುರುವಾಗುತ್ತದೆ ಎನ್ನುವುದು ಒಂಟಿಯಾಗಿ ಪ್ರಶ್ನೆಯ ಮುಂದೆ ಕೂತಾಗಲೇ ಗೊತ್ತಾಗುವುದು. ಅಂಕಕ್ಕಾಗಿ ಮಾಡುವ ತಯಾರಿಯಲ್ಲೂ ಈ ಕೆಲಸ ಸಾಧ್ಯ. ಅಂಕಕ್ಕಾಗಿಯೇ ಮಾಡಿದರೆ ಮಾತ್ರ ಕೈತಪ್ಪಿ ಹೋಗುತ್ತದೆ.

ಹುಡುಗಿ ಜೂನ್‌ನಲ್ಲಿ ಟೆಸ್ಟ್ ಬರೆದಳು. ಎಷ್ಟು ಊಹಿಸಿದಳು, ಎಷ್ಟು ಬಿಟ್ಟಳು ಎಂದು ನಾನು ಕೇಳಲಿಲ್ಲ. ಅಂಕ ಚೆನ್ನಾಗಿಯೇ ಬಂತು. ಆಂಟಿ ಫೋನ್ ಮಾಡಿ ಹೋಳಿಗೆ ಊಟಕ್ಕೆ ಕರೆದರು. ಅವಳು ಈಗ ಎಂಜಿನಿಯರಿಂಗ್ ಓದು ಮುಗಿಸಿ ಕೆಲಸದಲ್ಲಿದ್ದಾಳೆ. ಕಳೆದ ದೀಪಾವಳಿಗೆ ಸಿಕ್ಕಾಗ ಆ ಹಳೆಯ ಪ್ರಶ್ನೆಯನ್ನು ನೆನಪಿಸಿದೆ.

"ಹೌದಾ? ನಾನು ಹಾಗೆ ಕೇಳಿದ್ನಾ?" ಎಂದು ನಕ್ಕಳು. "ನೀವೇನು ಹೇಳಿದ್ರಿ?"

"ಆಗ ಏನೂ ಹೇಳಲಿಲ್ಲ" ಎಂದೆ. "ಈಗ ಹೇಳೋದಾದ್ರೆ, ಸುಳ್ಳಲ್ಲ ಅಂತೀನಿ. ಆದ್ರೆ ಚುಕ್ಕೆ ಇಡೋದು ಮರೆತ್ರೆ ಆಗುತ್ತೆ."

ಅವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗ ತಾನು ಹೇಳುವ ಅಂದಾಜಿನ ಲೆಕ್ಕಗಳ ಪಕ್ಕ ಈಗಲೂ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಡುತ್ತೇನೆ, ಯಾಕೆ ಆ ಅಭ್ಯಾಸ ಬಂತೆಂದು ಮರೆತೇಹೋಗಿತ್ತು ಎಂದಳು.